ಯುಗಾದಿವರೆಗೆ ಕಾಯಬೇಡಿ

ನಿಮ್ಮ ಪತ್ರ ಮೂರು ಸಲ ಓದಿದೆ. ಮನಸ್ಸು ಕಲಕಿತು.

ಹನ್ನೊಂದು ವರ್ಷದ ಹಿಂದೆ ಮದುವೆಯಾಗಿ ಹುಮನಾಬಾದ್‌ನಿಂದ ಕಲಬುರಗಿಗೆ ಹೊರಟಾಗ ಅಪ್ಪ ಒಂದು ಸಿ.ಡಿ. ಕೊಟ್ಟರು. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳು. ಹತ್ತು ನಿಮಿಷ ಕೇಳಿ, 'ಒಂದೇ ಸಾಲು ಎಷ್ಟು ಸಲ ಹಾಡ್ತಾರಪ್ಪ, ನಿದ್ದಿ ಬರ್ತದ' ಅಂದಿರಿ. ಅವರು ನಕ್ಕು ಸುಮ್ಮನಾದರು. ಈಗ ರಾತ್ರಿ ಆ ವಚನಗಳಿಲ್ಲದೆ ನಿಮಗೆ ಅಡುಗೆಮನೆ ಕೆಲಸ ಮುಗಿಯುವುದಿಲ್ಲ. ಅಪ್ಪನಿಗೆ ಹೇಳಲು ಸಂಕೋಚ. ಯುಗಾದಿಗೆ ಹೋದಾಗ ಹೇಳಲಾ ಅಂತ ಕೇಳಿದ್ದೀರಿ.

ತಡವಾಗಿ ಇಷ್ಟವಾದರೆ ನಾಚಿಕೆ ಯಾಕೆ? ಮನ್ಸೂರರು ಮಂಜಿಖಾನರ ಹತ್ತಿರ ಹಿಂದೂಸ್ತಾನಿ ಸಂಗೀತದ ಜೈಪುರ-ಅತ್ರೌಳಿ ಘರಾಣೆಯ ಗಾಯನ ಕಲಿತವರು. ಅಷ್ಟು ವಿದ್ಯೆ ಇದ್ದೂ ವಚನಕ್ಕೆ ಬಂದರೆ ಮಾತನ್ನು ಮುಂದೆ ಬಿಟ್ಟು ತಾವು ಹಿಂದೆ ನಿಲ್ಲುತ್ತಾರೆ. ಅದೇ ಸಾಲು ಮತ್ತೆ ಬಂದಾಗ ಭಾರ ಬೇರೆ ಪದದ ಮೇಲೆ ಬೀಳುತ್ತದೆ. ಮನೆ ಬಿಟ್ಟು ಕಲ್ಯಾಣಕ್ಕೆ ನಡೆದ ಅಕ್ಕಮಹಾದೇವಿಯ ಮಾತು, ತವರು ಬಿಟ್ಟು ಬಂದ ಮೇಲೆ ತಾನೇ ತಾಗುವುದು? (ಆ ಕಲ್ಯಾಣ, ಈಗಿನ ಬಸವಕಲ್ಯಾಣ, ನಿಮ್ಮ ಹುಮನಾಬಾದ್‌ನ ಪಕ್ಕದಲ್ಲೇ ಇದೆ.)

ಆದರೆ ಕೊನೆಯಲ್ಲಿ ಒಂದು ಸಾಲು ಸುಮ್ನೆ ಬರೆದುಬಿಟ್ಟಿದ್ದೀರಿ: 'ಅಪ್ಪನಿಗೆ ಈಗ ಕಿವಿ ಸ್ವಲ್ಪ ಮಂದ.' ತಂಗೀ, ಇಡೀ ಪತ್ರ ಇರುವುದೇ ಅಲ್ಲಿ. ವಯಸ್ಸಿನ ಕಿವುಡು ಮೊದಲು ಎತ್ತರದ, ತೆಳು ದನಿಗಳನ್ನು ಕಸಿಯುತ್ತದೆ. ಎಷ್ಟು ನಿಧಾನ ಅಂದರೆ ಜೊತೆಗಿರುವವರಿಗೂ ತಿಳಿಯುವುದಿಲ್ಲ.

ನಿಮ್ಮ ಅಣ್ಣನ ಮೇಲೆ ನನಗೆ ಸಿಟ್ಟಿದೆ. ಅಪ್ಪನ ಕೆಟ್ಟುಹೋದ ಸಿ.ಡಿ. ಪ್ಲೇಯರ್ ರಿಪೇರಿ ಮಾಡಿಸದೆ ಗುಜರಿಗೆ ಹಾಕಿ, 'ಎಲ್ಲಾ ಮೊಬೈಲ್‌ನಾಗ ಅದ' ಅಂದರಂತೆ. ಆ ಮೊಬೈಲ್‌ನಲ್ಲಿ ಹುಡುಕಿ ಹಚ್ಚಿಕೊಡಲು ಒಂದು ದಿನವಾದರೂ ಅಪ್ಪನ ಪಕ್ಕ ಕೂತರಾ? ನೀವೂ ಇಯರ್‌ಫೋನ್‌ನಲ್ಲಿ ಒಬ್ಬರೇ ಕೇಳುತ್ತೀರಿ. ಇಯರ್‌ಫೋನ್ ಮನೆಯವರನ್ನು ಹೊರಗಿಡುತ್ತದೆ ಅಂತ ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ.

ಹುಮನಾಬಾದ್‌ಗೆ ಬಸ್ಸಿದೆ, 2017ರಿಂದ ಬೀದರ್ ರೈಲೂ ಇದೆ. ಈ ಭಾನುವಾರವೇ ಒಂದು ಒಳ್ಳೆ ಸ್ಪೀಕರ್ ಹಿಡಿದು ಹೋಗಿ. ಅಪ್ಪನ ಪಕ್ಕ ಕೂತು ಜೋರಾಗಿ ಹಚ್ಚಿ, ಮೊದಲಿನಿಂದ ಕೊನೆವರೆಗೆ. ಕ್ಷಮೆ ಗಿಮೆ ಬೇಡ. ಮುಗಿದ ಮೇಲೆ ನಿಮಗೆ ಅಳು ತಂದ ಸಾಲು ಯಾವುದು ಅಂತ ಹೇಳಿ. ಅವರಿಗೆ ಯಾವುದು ಅಂತ ಕೇಳಿ.

ಸೋಮವಾರ ಅವರನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಕೆಲಸ ಅಣ್ಣನಿಗೆ ವಹಿಸಿ ಬನ್ನಿ.