ಯಾದಗಿರಿ ಕಡೆ ಮಳೆ ಜಾಸ್ತಿಯಾದರೆ ಭತ್ತ, ಮೆಕ್ಕೆಜೋಳ ಎರಡೂ ಚೆನ್ನಾಗಿ ಬರುತ್ತವಾ?

ಶಹಾಪುರದ ಹತ್ತಿರ ಐದು ಎಕರೆ ಲಾವಣಿ (ಗುತ್ತಿಗೆ) ಹಿಡಿಯುತ್ತಿದ್ದೀರಿ, ಕಾಲುವೆ ನೀರು ಬರುವ ಕಡೆ ಭತ್ತ, ಏರಿನ (ಎತ್ತರದ ಹೊಲದ) ಕಡೆ ಜೋಳ ಹಾಕುವ ವಿಚಾರ ಇದೆ ಅಂತ ಬರೆದಿದ್ದೀರಿ. ಈ ಸಲ ಮಳೆ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಿದ್ದಾರೆ, ಹಾಗಾದರೆ ಎರಡಕ್ಕೂ ಭಯವಿಲ್ಲ ಅಲ್ವಾ ಅಂತ ಕೇಳಿದ್ದೀರಿ. ನಾನೂ ಅದೇ ತಾಲ್ಲೂಕಿನವನು, ಎರಡೂ ಬೆಳೆಯುತ್ತೇನೆ. ಕಂಡದ್ದನ್ನು ಹೇಳುತ್ತೇನೆ.

ಮೊದಲು ಒಂದು ಮಾತು. ಬೀಜದ ಅಂಗಡಿಯಲ್ಲಿ ಬರೀ ‘ಜೋಳ’ ಅನ್ನಬೇಡಿ. ನಮ್ಮ ಕಡೆ ಜೋಳ ಅಂದರೆ ರೊಟ್ಟಿ ಜೋಳ. ನಿಮಗೆ ಬೇಕಾದದ್ದು ಮೆಕ್ಕೆಜೋಳ, ಹಳಬರು ಗೋವಿನಜೋಳ ಅನ್ನುತ್ತಾರೆ. ಬಿಳಿ ಜೋಳ ಹಿಂಗಾರಿನಲ್ಲಿ ಎರೆ (ಕಪ್ಪು) ಮಣ್ಣಿನ ಹಸಿಯನ್ನೇ ನಂಬಿ ಬಂದುಬಿಡುತ್ತದೆ. ಮೆಕ್ಕೆಜೋಳಕ್ಕೆ ಆ ತಾಳಿಕೆ ಇಲ್ಲ.

ಈಗ ನಿಮ್ಮ ಪ್ರಶ್ನೆ. ಭಯ ಇದೆ. ವರ್ಷದ ಮಳೆ ಎಷ್ಟು ಅನ್ನುವುದರಿಂದ ಬೆಳೆಯ ಸ್ಥಿತಿ ಗೊತ್ತಾಗುವುದಿಲ್ಲ. ಯಾವ ವಾರ ಬಿತ್ತು, ಆ ವಾರ ಬೆಳೆ ಮೊಳಕೆಯಲ್ಲಿತ್ತೋ, ಹೂವಿನಲ್ಲಿತ್ತೋ, ಕೊಯ್ಲಿಗೆ ಬಂದಿತ್ತೋ ಅನ್ನುವುದನ್ನು ನೋಡಬೇಕು. ಇನ್ನೊಂದು ವಿಷಯ: ನಿಮ್ಮ ಎರಡು ಬೆಳೆಗೂ ಮಳೆ ಬೇರೆ ಬೇರೆ ಊರಲ್ಲಿ ಬೀಳಬೇಕು.

ಭತ್ತದ ನೀರು ನಾರಾಯಣಪುರ ಎಡದಂಡೆ ಕಾಲುವೆಯದು. ನಾರಾಯಣಪುರದ ಜಲಾಶಯ ಬಸವಸಾಗರ ತುಂಬಬೇಕಾದರೆ ಮೇಲೆ ಆಲಮಟ್ಟಿಗೆ ನೀರು ಬರಬೇಕು, ಆಲಮಟ್ಟಿಗೆ ಬರಬೇಕಾದರೆ ಮಹಾರಾಷ್ಟ್ರದ ಘಟ್ಟದಲ್ಲಿ, ಮಹಾಬಳೇಶ್ವರ, ಕೊಯ್ನಾ ಕಡೆ ಮಳೆ ಹಿಡಿಯಬೇಕು. ನಮ್ಮೂರಲ್ಲಿ ಒಂದು ಹನಿ ಇಲ್ಲದಾಗಲೂ ಕಾಲುವೆ ತುಂಬಿ ಹರಿದದ್ದನ್ನು ನೋಡಿದ್ದೇನೆ. ನಮ್ಮಲ್ಲಿ ಮಳೆ ಸುರಿದು, ಘಟ್ಟದಲ್ಲಿ ತಡವಾದಾಗ ಸಸಿ ಮಡಿ ಮುಂದೆ ಕೈಕಟ್ಟಿ ಕೂತದ್ದೂ ಇದೆ. ಹಾಗಾಗಿ ಭತ್ತಕ್ಕೆ ಜೂನ್, ಜುಲೈನಲ್ಲಿ ಆಲಮಟ್ಟಿಯ ಒಳಹರಿವಿನ ಸುದ್ದಿ ನೋಡಿ. ಮೆಕ್ಕೆಜೋಳಕ್ಕೆ ನಿಮ್ಮ ಹೊಲದ ಮೇಲಿನ ಮೋಡ ನೋಡಿ.

ಕಾಲುವೆ ತಡವಾದರೆ ನಾಟಿ ಒಂದು ತಿಂಗಳು ಮುಂದೆ ಹೋಗುತ್ತದೆ, ಅಷ್ಟೇ ತಾನೇ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಒಂದು ವರ್ಷ ಸಸಿ ಹಾಕಿದ್ದೇ ಆಗಸ್ಟ್ ಮಧ್ಯಕ್ಕೆ. ತಳಿ ನಮ್ಮ ಮಾಮೂಲು ಸೋನಾ ಮಸೂರಿ, ಬಿಪಿಟಿ 5204. ಅದು ಸುಮಾರು 145ರಿಂದ 150 ದಿನದ ಬೆಳೆ. ಲೆಕ್ಕ ಹಾಕಿ, ಹೊಡೆ (ತೆನೆ ಅಡಗಿರುವ ಎಲೆಯ ಕವಚ) ತುಂಬಿ ತೆನೆ ಹೊರಬರುವ ಹೊತ್ತಿಗೆ ಡಿಸೆಂಬರ್. ನಮ್ಮಲ್ಲಿ ಆಗ ರಾತ್ರಿ ಚಳಿ 15 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಹೊಡೆಯೊಳಗೆ ತೆನೆ ಇದ್ದಾಗ ಅಷ್ಟು ಚಳಿ ತಾಗಿದರೆ ಪರಾಗ ಸತ್ತುಹೋಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಗದ್ದೆ ಹಸಿರಾಗಿತ್ತು, ತೆನೆ ಎಲ್ಲಾ ನೆಟ್ಟಗೆ ನಿಂತಿದ್ದವು. ನಾನು ಖುಷಿಯಲ್ಲಿದ್ದೆ. ನಮ್ಮ ಕಾಕಾ ಬಂದು ಒಂದು ತೆನೆ ಕಿತ್ತು ನಾಲ್ಕು ಕಾಳು ಉಗುರಲ್ಲಿ ಒತ್ತಿದರು. ಹಾಲು ಬರಲಿಲ್ಲ. "ಬಾಗಬೇಕಿತ್ತಲ್ಲೋ ತಮ್ಮಾ, ಇದ್ರಾಗ ಏನೂ ಇಲ್ಲ" ಅಂದರು. ಆ ವರ್ಷ ಅರ್ಧಕ್ಕರ್ಧ ಜೊಳ್ಳು. ತುಂಬಿದ ತೆನೆ ತನ್ನ ಭಾರಕ್ಕೆ ಬಾಗುತ್ತದೆ. ಹೂವಾಗಿ ಎರಡು ವಾರವಾದರೂ ತೆನೆ ನೆಟ್ಟಗೇ ಇದ್ದರೆ ಉಗುರಲ್ಲಿ ಒತ್ತಿ ನೋಡಿ.

ಅಂದಿನಿಂದ ನೀರು ತಡವಾಗುವ ವರ್ಷ ಬಿಪಿಟಿ ಬಿಟ್ಟು ಆರ್‌ಎನ್‌ಆರ್ 15048 ಹಾಕುತ್ತೇನೆ. ಅದು 125 ದಿನಕ್ಕೆ ಬರುತ್ತದೆ. ಸಣ್ಣ ಕಾಳು, ಊಟಕ್ಕೂ ಚೆನ್ನಾಗಿದೆ.

ಭತ್ತದ ಹೂ ಬೆಳಿಗ್ಗೆ ಸುಮಾರು 9ರಿಂದ ಮಧ್ಯಾಹ್ನದ ಒಳಗೆ ಅರಳಿ ಮುಚ್ಚಿಕೊಳ್ಳುತ್ತದೆ. ಒಂದು ಕಾಳಿನ ಹೂ ತೆರೆದಿರುವುದು ಒಂದೆರಡು ಗಂಟೆ ಅಷ್ಟೇ. ಆ ವಾರ ದಿನಾ ಬೆಳಿಗ್ಗೆ ಮಳೆ ಹೊಡೆದರೆ ಕಾಳು ಕಟ್ಟುವುದು ಕಡಿಮೆ. ಸಂಜೆ ಮಳೆಯಿಂದ ಅಷ್ಟು ತೊಂದರೆ ಇಲ್ಲ. ಅದೇ ಕಾರಣಕ್ಕೆ ಹೂವಿನ ಸಮಯದಲ್ಲಿ ಬೆಳಿಗ್ಗೆ ಔಷಧಿ ಹೊಡೆಯಬೇಡಿ, ಸಂಜೆ ಹೊಡೆಯಿರಿ.

ರೋಗದ ವಿಷಯ ಚಿಕ್ಕದಾಗಿ: ರಾತ್ರಿ ತಂಪು, ಬೆಳಿಗ್ಗೆ ಇಬ್ಬನಿ, ಮೋಡ ಇದ್ದರೆ ಬೆಂಕಿ ರೋಗ. ಗಾಳಿ ಮಳೆ ಜೋರಾಗಿ ಎಲೆ ಹರಿದರೆ ದುಂಡಾಣು ಅಂಗಮಾರಿ. ಮೋಡ, ಸೆಕೆ, ಒತ್ತಾದ ನಾಟಿ, ಮೇಲಿಂದ ಯೂರಿಯಾ ಜಾಸ್ತಿ ಆದರೆ ಕಂದು ಜಿಗಿ ಹುಳು. ಮೋಡದ ದಿನಗಳಲ್ಲಿ ಯೂರಿಯಾ ಚೀಲ ಮುಟ್ಟದಿರುವುದೇ ಒಳ್ಳೆಯದು.

ಮೆಕ್ಕೆಜೋಳದ ಕಥೆಯೇ ಬೇರೆ. ಭತ್ತ ನೀರಲ್ಲಿ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ. ಮೊದಲ ಒಂದು ತಿಂಗಳು ಅದರ ಬೆಳೆಯುವ ಮೊಗ್ಗು ನೆಲದೊಳಗೇ ಇರುತ್ತದೆ. ಎರೆ ಹೊಲದಲ್ಲಿ ನೀರು ಎರಡು ಮೂರು ದಿನ ನಿಂತರೆ ಬೇರಿಗೆ ಉಸಿರು ಸಿಗದೆ ಆ ಮೊಗ್ಗೇ ಕೊಳೆಯುತ್ತದೆ. ದೊಡ್ಡ ಮಳೆ ಬಿಟ್ಟ ಮೂರನೇ ನಾಲ್ಕನೇ ದಿನ ನಾನು ಐದಾರು ಸಸಿ ಬೇರು ಸಮೇತ ಕಿತ್ತು ಉದ್ದಕ್ಕೆ ಸೀಳಿ ನೋಡುತ್ತೇನೆ. ಒಳಗಿನ ಮೊಗ್ಗು ಬೆಳ್ಳಗೆ ಗಟ್ಟಿ ಇದ್ದರೆ, ಎಲೆ ಎಷ್ಟೇ ಹಳದಿಯಾಗಿರಲಿ, ಚೇತರಿಸಿಕೊಳ್ಳುತ್ತದೆ. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಕಾಯುವುದು ದಂಡ. ಅದಕ್ಕೇ ಎರೆ ಭೂಮಿಯಾದರೆ ಬೋದಿನ (ಮಣ್ಣು ಏರಿಸಿದ ದಿಣ್ಣೆ ಸಾಲಿನ) ಮೇಲೆ ಬಿತ್ತಿ, ನೀರು ಹೊರಗೆ ಹೋಗಲು ದಾರಿ ಮೊದಲೇ ಮಾಡಿಡಿ.

ಆಮೇಲೆ ಬರುವುದು ಹೂವಿನ ಸಮಯ. ನನ್ನ ಲೆಕ್ಕದಲ್ಲಿ ಇಡೀ ಬೆಳೆ ನಿಂತಿರುವುದು ಆ ಹದಿನೈದು ದಿನದ ಮೇಲೆ. ತುದಿಯಲ್ಲಿ ಸೂಲಂಗಿ (ಗಂಡು ಹೂ) ಬಂದು ಪರಾಗ ಉದುರುವಾಗ ಕೆಳಗೆ ತೆನೆಯ ರೇಷ್ಮೆ ಕೂದಲು ಹೊರಗೆ ಬಂದಿರಬೇಕು. ನೆಲ ಒಣಗಿದರೆ ಸೂಲಂಗಿ ಸಮಯಕ್ಕೆ ಬರುತ್ತದೆ, ರೇಷ್ಮೆ ತಡವಾಗುತ್ತದೆ. ಪರಾಗ ಮುಗಿದ ಮೇಲೆ ರೇಷ್ಮೆ ಬಂದು ಏನು ಮಾಡುವುದು?

2023ರಲ್ಲಿ ನಮಗೆ ಇದೇ ಆಯಿತು. ಜೂನ್‌ನ ಮಿರಗ (ಮೃಗಶಿರಾ) ಮಳೆ ಒಣಗಿ ಹೋಯಿತು, ಜೂನ್ ಕೊನೆಯ ಆರಿದ್ರಾ ಮಳೆಯಲ್ಲಿ ಬಿತ್ತಿದೆವು. ಜುಲೈನಲ್ಲಿ ಮಳೆ ಚೆನ್ನಾಗಿ ಬಂದು ಬೆಳೆ ಎದೆಮಟ್ಟ ಎದ್ದಿತು. ಅಷ್ಟರಲ್ಲಿ ಆಗಸ್ಟ್. ಇಡೀ ದೇಶಕ್ಕೇ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ನಮ್ಮ ಬೆಳೆಗೆ 55 ದಿನ ತುಂಬಿದ್ದು ಸರಿಯಾಗಿ ಮಘಾ ಮಳೆಯ ಹೊತ್ತಿಗೆ. ಮಳೆ ಹೆಸರಿಗಷ್ಟೇ ಇತ್ತು. ಎಲೆ ಮಧ್ಯಾಹ್ನ ಸುರುಳಿ ಸುತ್ತುತ್ತಿದ್ದವು, ಸಂಜೆಗೂ ಬಿಚ್ಚುತ್ತಿರಲಿಲ್ಲ. ನಾನು ಒಂದು ಎಳೆ ತೆನೆ ಮುರಿದು, ಸಿಪ್ಪೆ ಮೆಲ್ಲಗೆ ಬಿಡಿಸಿ, ಬುಡ ಹಿಡಿದು ಅಲ್ಲಾಡಿಸಿದೆ. ಕಾಳು ಕಟ್ಟಿದ ಕಡೆಯ ಕೂದಲು ಉದುರುತ್ತದೆ, ಕಟ್ಟದ ಕಡೆಯದು ಅಂಟಿಕೊಂಡೇ ಇರುತ್ತದೆ. ಅವತ್ತು ಬುಡದಲ್ಲಿ ಒಂದಿಷ್ಟು ಉದುರಿತು, ಮೇಲಿನ ಅರ್ಧ ತೆನೆಯ ಕೂದಲು ಹಾಗೇ ಉಳಿಯಿತು. ಪಕ್ಕದ ಹೊಲದವರು ಕೊಳವೆಬಾವಿಯಿಂದ ಆ ಹದಿನೈದು ದಿನದಲ್ಲಿ ಎರಡು ಸಲ ನೀರು ಕೊಟ್ಟಿದ್ದರು. ಅವರ ತೆನೆ ತುದಿವರೆಗೆ ತುಂಬಿತ್ತು. ಒಂದೇ ಬೀಜ, ಒಂದೇ ವಾರದ ಬಿತ್ತನೆ. ಏರಿನ ಹೊಲಕ್ಕೆ ಎರಡೇ ಎರಡು ನೀರು ಕೊಡುವ ಅನುಕೂಲ ಇದ್ದರೂ ಹೂವಿನ ಸಮಯಕ್ಕೆ ಉಳಿಸಿಡಿ.

ಫಾಲ್ ಸೈನಿಕ ಹುಳುವಿನ ಬಗ್ಗೆಯೂ ಎಚ್ಚರ ಇರಲಿ. 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ, ಶಿವಮೊಗ್ಗ ಕಡೆ ಕಂಡದ್ದು, ಈಗ ಎಲ್ಲಾ ಕಡೆ ಇದೆ. ಮಳೆ ಬಿಡುವು ಕೊಟ್ಟು ಬಿಸಿಲು ಬಂದಾಗ ಜಾಸ್ತಿಯಾಗುತ್ತದೆ. ಜೋರು ಮಳೆ ಬಂದರೆ ಸುಳಿಯಲ್ಲಿ ನೀರು ತುಂಬಿ ಸಣ್ಣ ಮರಿಗಳು ಸಾಯುತ್ತವೆ. ಬಿತ್ತಿದ ಎರಡನೇ ವಾರದಿಂದಲೇ ಸುಳಿ ಬಗ್ಗಿಸಿ ನೋಡಿ, ಕಟ್ಟಿಗೆ ಪುಡಿಯಂಥ ಹಿಕ್ಕೆ ಕಂಡರೆ ತಡ ಮಾಡಬೇಡಿ.

ಇನ್ನು ಕೊಯ್ಲು. ಜೂನ್ ಮಧ್ಯದಲ್ಲಿ ಬಿತ್ತಿದ ಮೆಕ್ಕೆಜೋಳ ಸೆಪ್ಟೆಂಬರ್ ಕೊನೆಗೆ ಒಣಗುತ್ತದೆ. ಆಗ ನಮ್ಮಲ್ಲಿ ಉತ್ತರಿ, ಹಸ್ತದ ಮಳೆ. ಭೂಮಿಗೆ ಅಮೃತದಂಥ ಮಳೆ ಅದು, ತೊಗರಿಗೂ ಹಿಂಗಾರಿ ಬಿತ್ತನೆಗೂ ಬೇಕೇ ಬೇಕು. ನಿಂತ ತೆನೆಗೆ ಮಾತ್ರ ಬೂಸ್ಟು, ಮೊಳಕೆ. ತೆನೆ ಒಣಗಿ ಕೆಳಗೆ ಬಾಗಿದರೆ ನೀರು ಜಾರಿ ಹೋಗುತ್ತದೆ, ಮೇಲೆ ಮುಖ ಮಾಡಿದ ತೆನೆಯೊಳಗೆ ನೀರು ಇಳಿಯುತ್ತದೆ. ಬೀಜ ಆರಿಸುವಾಗ ಸಿಪ್ಪೆ ತುದಿವರೆಗೆ ಮುಚ್ಚುವ, ಬಾಗುವ ತೆನೆಯ ತಳಿ ಕೇಳಿ. ಮಾರಾಟಕ್ಕೆ 14 ಶೇಕಡಾ ತೇವದೊಳಗೆ ಬರಬೇಕು, ಆದ್ದರಿಂದ ಒಣಗಿಸುವ ಜಾಗ, ತಾಡಪತ್ರಿ ಮೊದಲೇ ನೋಡಿಕೊಳ್ಳಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ಹೊಳೆದಂಡೆಯ ಭತ್ತ ಮಲಗಿದ್ದನ್ನು, ರಾಶಿ ನೆನೆದದ್ದನ್ನು ನೋಡಿದವರು ಇಲ್ಲಿ ಎಲ್ಲರೂ ಇದ್ದಾರೆ.

ಬೇಸಿಗೆ ಭತ್ತದ ಆಸೆ ಇದ್ದರೆ, ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಅಂತ ನೀರಾವರಿ ಸಲಹಾ ಸಮಿತಿ ತೀರ್ಮಾನ ಆಗುವವರೆಗೆ ಸಸಿ ಹಾಕಬೇಡಿ. ಹಾಕಿದರೂ ತೆನೆ ಮಾರ್ಚ್‌ನಲ್ಲೇ ಹೂವಾಗಬೇಕು. ಏಪ್ರಿಲ್‌ನಲ್ಲಿ ನಮ್ಮ ಬಿಸಿಲು 40 ದಾಟುತ್ತದೆ, ಭತ್ತದ ಹೂ 35ಕ್ಕೇ ಸೋಲಲು ಶುರು ಮಾಡುತ್ತದೆ.

ನಿಮ್ಮ ಹೊಲ ಕಾಲುವೆಯ ತಲೆಗಿದೆಯೋ ತುದಿಗಿದೆಯೋ ಬರೆದಿಲ್ಲ. ತುದಿಗಾದರೆ ವಾರಾಬಂದಿಯಲ್ಲಿ (ಸರದಿ ಪ್ರಕಾರ ನೀರು ಬಿಡುವ ಪದ್ಧತಿ) ನೀರು ಬರುವ ಹೊತ್ತಿಗೆ ನಾಲ್ಕೈದು ದಿನ ತಡ, ಅಲ್ಲಿ ಐದು ಎಕರೆಯಲ್ಲಿ ಎರಡೂವರೆ ಭತ್ತ ನಾನಾದರೆ ಹಾಕುವುದಿಲ್ಲ, ಒಂದು ಎಕರೆ ಸಾಕು. ಏರಿನ ಮಣ್ಣು ಎರೆಯೋ ಮಸಾರಿಯೋ (ಕೆಂಪು ಮಣ್ಣೋ) ಅದನ್ನೂ ತಿಳಿಸಿ, ಬಿತ್ತನೆಯ ದಿನ ಲೆಕ್ಕ ಹಾಕಿ ಹೇಳುತ್ತೇನೆ.