ನೋವಿನ ಮಾತ್ರೆಯ ನಂತರ ಬಿಳಿ ರಕ್ತಕಣ 1,900
ಕುಣಿಗಲ್‌ನಲ್ಲಿರುವ ನಿಮ್ಮ ತಾಯಿಯವರ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣ 1,900ಕ್ಕೆ ಇಳಿದಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಅವರು ಮಂಡಿನೋವಿಗೆ ಎರಡು ವಾರದಿಂದ ನುಂಗುತ್ತಿರುವ ಮಾತ್ರೆಯ ಹಾಳೆಯ ಹಿಂಬದಿಯಲ್ಲಿ ‘ಮೆಟಮಿಜೋಲ್’ ಎಂದಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಅದನ್ನೇ. ಅದು ನಮ್ಮ ಹಳೆಯ ಅನಾಲ್ಜಿನ್. ಸೋಂಕಿನೊಡನೆ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಅಪರೂಪಕ್ಕೆ ಅಳಿಸಿಹಾಕುತ್ತದೆ. ಅಮೆರಿಕ 1977ರಲ್ಲೇ ಅದನ್ನು ಕೈಬಿಟ್ಟಿತು. ಭಾರತ 2013ರಲ್ಲಿ ತಡೆದು, ಮರುವರ್ಷ ಷರತ್ತು ಹಾಕಿ ಮತ್ತೆ ಮಾರಾಟಕ್ಕೆ ಬಿಟ್ಟಿತು.

ಮಾತ್ರೆಯನ್ನು ಈಗಲೇ ನಿಲ್ಲಿಸಿ. ಬದಲಿಗೆಂದು ಮೆಡಿಕಲ್ ಶಾಪಿನಲ್ಲಿ ಇನ್ನೊಂದನ್ನು ಕೇಳಿ ತರಬೇಡಿ. ಇಂದೇ ವೈದ್ಯರ ಬಳಿ ಹೋಗಿ. ಖಾಲಿ ಹಾಳೆಯೂ ಹಳೆಯ ರಿಪೋರ್ಟ್‌ಗಳೂ ಜೊತೆಯಲ್ಲಿರಲಿ. ಒಟ್ಟು ಸಂಖ್ಯೆಗಿಂತ ನ್ಯೂಟ್ರೋಫಿಲ್ ಎಷ್ಟಿದೆ ಎಂಬುದು ಮುಖ್ಯ, ಅದನ್ನು ಕೇಳಿ ಬರೆಸಿಕೊಳ್ಳಿ. ಅದು ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕೆಳಗಿದ್ದರೆ ಅಪಾಯ.

ಡೆಂಗಿಯಲ್ಲೂ ಬಿಳಿ ಕಣ ಇಳಿಯುತ್ತದೆ. ಹಾಗಾಗಿ ಮಾತ್ರೆಯದೇ ತಪ್ಪೆಂದು ನಾನು ಖಚಿತವಾಗಿ ಹೇಳಲಾರೆ. ಆ ಪರೀಕ್ಷೆಯೂ ಆಗಲಿ.

ಜ್ವರ, ಚಳಿ, ಗಂಟಲುನೋವು, ಬಾಯಿಹುಣ್ಣು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ. ನಮ್ಮ ಮಾವನವರಿಗೆ ಮೂರು ದಿನ ಉಪ್ಪುನೀರು ಮುಕ್ಕಳಿಸಲು ಕೊಟ್ಟು ಕಾದೆವು, ಶುದ್ಧ ಮೂರ್ಖತನ. ಕುಣಿಗಲ್‌ನಿಂದ ನೇರವಾಗಿ ತುಮಕೂರಿನ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ.