‘ವಾದ’ ಎಂಬ ಪದ ತಂದ ತೊಡಕು: ಸಂಪಾದಕರ ಉತ್ತರ

ಮಾನ್ಯರೇ,

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದಿಂದ ತಾವು ಬರೆದ ಪತ್ರ ತಲುಪಿದೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುತ್ತಿರುವ ಮಗನ ಜೀವಶಾಸ್ತ್ರದ ಪುಸ್ತಕದಲ್ಲಿ, ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತ ಬಂದಿವೆಯೆನ್ನುವ ವಿಕಾಸವಾದದ ಪಾಠವನ್ನು ನೋಡಿ ತಾವು ಮೂರು ಪ್ರಶ್ನೆಗಳನ್ನು ಎತ್ತಿದ್ದೀರಿ. ‘ವಾದ’ವೆಂದ ಮೇಲೆ ಪ್ರತಿವಾದವನ್ನೂ ಕಲಿಸಬೇಡವೇ? ಮಂಗನಿಂದ ಮನುಷ್ಯನಾದನೆಂದರೆ ಇಂದಿನ ಮಂಗಗಳು ಹಾಗೆಯೇ ಉಳಿದದ್ದೇಕೆ? ಕೇಂದ್ರದ ಪಠ್ಯದಿಂದಲೇ ತೆಗೆದುಹಾಕಿದ್ದನ್ನು ನಮ್ಮ ಮಕ್ಕಳೇಕೆ ಓದಬೇಕು?

ಮೊದಲ ಪ್ರಶ್ನೆಗೆ ಅರ್ಧ ಕಾರಣ ನಮ್ಮ ಪದಗಳಲ್ಲಿಯೇ ಇದೆ. ‘ವಾದ’ ಎಂದೊಡನೆ ನಮ್ಮ ಸೀಮೆಯವರಿಗೆ ತಾಳಮದ್ದಳೆಯ ಅರ್ಥಧಾರಿಗಳು ನೆನಪಾಗುತ್ತಾರೆ. ಅಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಎದುರಾಡಲೇಬೇಕು. ವಿಜ್ಞಾನದ ಸಿದ್ಧಾಂತ ಅಂಥದ್ದಲ್ಲ. ಅದು ಸಾಕ್ಷ್ಯಗಳನ್ನು ಒಟ್ಟಿಗೆ ಹಿಡಿದು ನಿಲ್ಲಿಸುವ ವಿವರಣೆ. ಗಡಿನಾಡಿನ ಮಕ್ಕಳಿಗೆ ಇನ್ನೊಂದು ತೊಡಕೂ ಇದೆ: ಮಲಯಾಳದಲ್ಲಿ ಜೀವವಿಕಾಸಕ್ಕೆ ‘ಪರಿಣಾಮ’ವೆನ್ನುತ್ತಾರೆ, ನಮಗೆ ಆ ಪದದ ಅರ್ಥವೇ ಬೇರೆ. ನಮ್ಮ ‘ವಿಕಾಸ’ವಾದರೋ ಮೊಗ್ಗು ಅರಳಿದಂತೆ ಮೇಲ್ಮೇಲಕ್ಕೆ ಸಾಗುವ ಭಾವವನ್ನು ತರುತ್ತದೆ.

ಈ ಸಿದ್ಧಾಂತವನ್ನು ಮುಂದಿಟ್ಟ ಇಂಗ್ಲೆಂಡಿನ ವಿಜ್ಞಾನಿ ಡಾರ್ವಿನ್ 1859ರ ತನ್ನ ಗ್ರಂಥದಲ್ಲಿ ಹೇಳಿದ್ದು ಮೆಟ್ಟಿಲೇರುವ ಕತೆಯನ್ನಲ್ಲ. ಆ ಗ್ರಂಥದಲ್ಲಿರುವ ಒಂದೇ ಒಂದು ಚಿತ್ರ ಕವಲೊಡೆಯುತ್ತ ಹೋಗುವ ಮರದಂಥದ್ದು. ಇಂದಿನ ಮಂಗ ನಮ್ಮ ಪೂರ್ವಜನಲ್ಲ, ದೂರದ ದಾಯಾದಿ. ನಮಗೆ ಅತ್ಯಂತ ಹತ್ತಿರದ ಚಿಂಪಾಂಜಿಯ ಕವಲೂ ನಮ್ಮದೂ ಬೇರೆಯಾಗಿ ಸುಮಾರು 60ರಿಂದ 70 ಲಕ್ಷ ವರ್ಷಗಳಾಗಿವೆ. ಒಂದೇ ತರವಾಡಿನಿಂದ, ಎಂದರೆ ಕುಟುಂಬದ ಮೂಲಮನೆಯಿಂದ, ಬೇರೆ ಬೇರೆ ಕಡೆ ಹೋಗಿ ನೆಲಸಿದವರಲ್ಲಿ ಒಬ್ಬರಿದ್ದಾರೆಂದು ಇನ್ನೊಬ್ಬರು ಇಲ್ಲವಾಗಬೇಕಿಲ್ಲವಲ್ಲ.

ತಮಗೆ ಅಡಿಕೆ ತೋಟವಿದೆಯೆಂದು ಬರೆದಿದ್ದೀರಿ. ಹಾಗಿದ್ದರೆ ಸಿದ್ಧಾಂತದ ಅರ್ಧಭಾಗ ತಮಗೆ ಈಗಾಗಲೇ ಗೊತ್ತು. ಬೀಜದಡಿಕೆಗೆ ತಾವು ಕಂಡ ಕಂಡ ಮರವನ್ನು ಹಿಡಿಯುವುದಿಲ್ಲ. ವರ್ಷ ವರ್ಷವೂ ತಪ್ಪದೆ ಫಸಲು ಕೊಟ್ಟ ತಾಯಿಮರವನ್ನು ಗುರುತಿಟ್ಟು, ಚೆನ್ನಾಗಿ ಹಣ್ಣಾದ ಗೊನೆಯಿಂದ ಕಾಯಿ ಬಿಡಿಸಿ, ನೀರಿಗೆ ಹಾಕಿದಾಗ ತೊಟ್ಟು ಮೇಲಾಗಿ ನೆಟ್ಟಗೆ ತೇಲುವುದನ್ನು ಮಾತ್ರ ಪಾತಿಗೆ ಇಡುತ್ತೀರಿ. ಮರಮರಕ್ಕೂ ವ್ಯತ್ಯಾಸವಿದೆ, ಆ ವ್ಯತ್ಯಾಸ ಸಸಿಗೂ ಇಳಿಯುತ್ತದೆ, ಆರಿಸಿದ್ದು ಮುಂದುವರಿಯುತ್ತದೆ. ಡಾರ್ವಿನ್ ತನ್ನ ಗ್ರಂಥವನ್ನು ಆರಂಭಿಸಿದ್ದೂ ಪಾರಿವಾಳ ಸಾಕುವವರ, ಬೆಳೆ ಬೆಳೆಯುವವರ ಇಂಥದೇ ಆಯ್ಕೆಯಿಂದ. ಆರಿಸುವ ಕೈಯ ಜಾಗದಲ್ಲಿ ಬರ, ರೋಗ, ಆಹಾರದ ಕೊರತೆಗಳನ್ನು ಇಟ್ಟು, ಕೆಲವು ವರ್ಷಗಳ ಬದಲು ಲಕ್ಷಾಂತರ ವರ್ಷಗಳನ್ನು ಕೊಟ್ಟರೆ ಅದೇ ನಿಸರ್ಗದ ಆಯ್ಕೆ. ಕ್ಷಯಕ್ಕೆ ಕೊಟ್ಟ ಮದ್ದನ್ನು ನಡುವೆ ನಿಲ್ಲಿಸಬಾರದೆಂದು ವೈದ್ಯರು ಒತ್ತಿ ಹೇಳುವುದೂ ಮದ್ದನ್ನು ತಾಳಿಕೊಂಡ ರೋಗಾಣುಗಳು ಉಳಿದು ಹೆಚ್ಚುವುದೆಂಬ ಇದೇ ಕಾರಣದಿಂದ.

ಈ ಪಾಠಕ್ಕೆ ಅಡ್ಡಿ ಬಂದದ್ದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ಟೆನೆಸಿಯಲ್ಲಿ 1925ರಲ್ಲಿ ಸ್ಕೋಪ್ಸ್ ಎಂಬ ಶಿಕ್ಷಕರಿಗೆ ಇದನ್ನು ಕಲಿಸಿದ್ದಕ್ಕಾಗಿ 100 ಡಾಲರ್ ದಂಡ ವಿಧಿಸಲಾಯಿತು, ಆ ಕಾನೂನು ರದ್ದಾಗಲು 1967ರವರೆಗೆ ಕಾಯಬೇಕಾಯಿತು. ತುರ್ಕಿ 2017ರಲ್ಲಿ ಪ್ರೌಢಶಾಲೆಯ ಪಠ್ಯದಿಂದ ಇದನ್ನು ಕೈಬಿಟ್ಟಿತು. ಇತ್ತ ಪೋಪ್ ಎರಡನೆಯ ಜಾನ್ ಪಾಲ್ 1996ರಲ್ಲಿ ವಿಕಾಸ ಸಿದ್ಧಾಂತವು ಬರಿಯ ಊಹೆಗಿಂತ ಮಿಗಿಲಾದುದೆಂದು ಒಪ್ಪಿದ್ದರು; ಶ್ರದ್ಧೆಯುಳ್ಳವರು ಇದನ್ನು ಓದಬಾರದೆಂದೇನೂ ಇಲ್ಲ.

ಕೇಂದ್ರದ ಪಠ್ಯಪುಸ್ತಕಗಳನ್ನು ಸಿದ್ಧಪಡಿಸುವ ನಮ್ಮ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯಿಂದ ಇದನ್ನು ತೆಗೆದುಹಾಕಿದ್ದು 2023ರಲ್ಲಿ ಸುದ್ದಿಯಾದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಬಹಿರಂಗ ಪತ್ರಕ್ಕೆ ಸಹಿ ಹಾಕಿ ವಿರೋಧಿಸಿದರು. ಹನ್ನೆರಡನೆಯ ತರಗತಿಯಲ್ಲಿ ಪಾಠ ಉಳಿದಿದೆ, ನಿಜ. ಆದರೆ ಪ್ಲಸ್ ಟೂವಿನಲ್ಲಿ ಕಾಮರ್ಸ್ ಹಿಡಿಯುವ ಮಗುವಿಗೆ ಜೀವಶಾಸ್ತ್ರ ಹತ್ತಕ್ಕೇ ಮುಗಿಯುತ್ತದೆ. ಆದ್ದರಿಂದ ತಮ್ಮ ಮಗನ ಪುಸ್ತಕದಲ್ಲಿ ಈ ಪಾಠವಿರುವುದು ಹೊರೆಯೆಂದು ನಾನು ಎಣಿಸುವುದಿಲ್ಲ, ಅವನಿಗೆ ಸಿಕ್ಕ ಅವಕಾಶವೆಂದೇ ಎಣಿಸುತ್ತೇನೆ.

ಮುಂದಿನ ಸಲ ಬೀಜದಡಿಕೆ ಆರಿಸುವಾಗ ಅವನನ್ನೂ ತೋಟಕ್ಕೆ ಕರೆದುಕೊಂಡು ಹೋಗಿ. ತಾಯಿಮರವನ್ನು ಅವನೇ ಗುರುತಿಸಲಿ, ಅದನ್ನೇ ಏಕೆ ಆರಿಸಿದೆಯೆಂದು ಕೇಳಿ. ಅವನು ಹೇಳಿದ್ದನ್ನು ಬರೆದು ಕಳುಹಿಸಿದರೆ ಪತ್ರಿಕೆಯಲ್ಲಿ ಸಂತೋಷದಿಂದ ಅಚ್ಚು ಹಾಕಿಸುತ್ತೇನೆ.

— ಸಂಪಾದಕ